ಮಾಣಿಗೂ ಕೂಸಿಗೂ ಒಪ್ಪುವ ಹೆಸರು: ಹುಡುಕುವುದು ಹೇಗೆ?

ತಂಗಿ ಎಂಟು ತಿಂಗಳ ಬಸುರಿ. ಹೆರಿಗೆಗೆಂದು ಶಿರಸಿಯ ನಮ್ಮ ಮನೆಗೆ ಬಂದಿದ್ದಳು. ಅಡಿಕೆ ಲೆಕ್ಕ ಬರೆಯುವ ಉದ್ದ ಪುಸ್ತಕದ ಕೊನೆಯ ಹಾಳೆಯಲ್ಲಿ ಇಬ್ಬರೂ ಕೂತು ಹೆಸರು ಬರೆಯತೊಡಗಿದೆವು. ನಡುವೆ ಒಂದು ಗೆರೆ. ಎಡಕ್ಕೆ ‘ಮಾಣಿಯಾದರೆ’, ಬಲಕ್ಕೆ ‘ಕೂಸಾದರೆ’. ನಮ್ಮ ಹವ್ಯಕರ ಮಾತಿನಲ್ಲಿ ಮಾಣಿ ಅಂದರೆ ಗಂಡು, ಕೂಸು ಅಂದರೆ ಹೆಣ್ಣು.

ಎರಡು ದಿನದಲ್ಲಿ ಹಾಳೆ ತುಂಬಿತು. ಆಮೇಲೆ ನೋಡಿದರೆ ಕೆಲವು ಹೆಸರು ಗೆರೆಯ ಆಚೆಗೂ ಇದ್ದವು, ಈಚೆಗೂ ಇದ್ದವು. ಎಡಕ್ಕೆ ಮಧು, ಬಲಕ್ಕೂ ಮಧು. ಎಡಕ್ಕೆ ಕಿರಣ್, ಬಲಕ್ಕೆ ಕಿರಣಾ. ಆಯಿ ಕನ್ನಡಕ ಹಾಕಿಕೊಂಡು ಪಟ್ಟಿ ಪೂರ್ತಿ ಓದಿದಳು. “ಹಂಗಾರೆ ಎರಡು ಪಟ್ಟಿ ಎಂತಕ್ಕೆ? ಎರಡೂ ಬದಿ ಇದ್ದಿದ್ದನ್ನೇ ಇಡಿ” ಅಂದಳು.

ಅಲ್ಲಿಂದ ಶುರುವಾದ ಹುಡುಕಾಟ ಇದು. ಆಮೇಲೆ ನಂಟರ ನಾಲ್ಕೈದು ತೊಟ್ಟಿಲಿಗೂ ಹೆಸರು ಹುಡುಕಿಕೊಟ್ಟೆ. ಈಗ ಯಾರು ಕೇಳಿದರೂ ಒಂದು ಕ್ರಮದಲ್ಲಿ ಹೇಳುತ್ತೇನೆ.

ಇಂಥ ಹೆಸರು ಯಾಕೆ ಬೇಕು ಅನ್ನುವವರಿಗೆ ನನ್ನ ಬಳಿ ಎರಡು ಉತ್ತರ ಇವೆ. ಹುಟ್ಟುವ ಮೊದಲೇ ಗಂಡೋ ಹೆಣ್ಣೋ ಎಂದು ಪತ್ತೆ ಮಾಡುವುದನ್ನು ನಮ್ಮ ದೇಶದಲ್ಲಿ 1994ರ ಕಾಯ್ದೆ ನಿಷೇಧಿಸಿದೆ. ನಿಷೇಧಿಸಿದ್ದು ಒಳ್ಳೆಯದೇ. ಹಾಗಾಗಿ ಹೊಟ್ಟೆಯಲ್ಲಿರುವಾಗಿನಿಂದಲೇ ಮಗುವನ್ನು ಒಂದು ಹೆಸರಿಂದ ಕರೆಯಬೇಕು ಅನ್ನಿಸಿದರೆ, ಆ ಹೆಸರು ಇಬ್ಬರಿಗೂ ಒಪ್ಪಲೇಬೇಕು. ಇನ್ನೊಂದು ಕಾರಣ ನನ್ನ ಮನಸ್ಸಿಗೆ ಹತ್ತಿರದ್ದು. ಮುಂದೆ ಆ ಮಗು ಕೆಲಸಕ್ಕೆ ಅರ್ಜಿ ಹಾಕುತ್ತದೆ. ಹೆಸರು ಓದಿದ ಕೂಡಲೇ ‘ಓ, ಹುಡುಗಿಯಾ’ ಅಂತ ಯಾರೂ ಅರ್ಜಿಯನ್ನು ಬದಿಗೆ ಸರಿಸಬಾರದು.

ಗೊಂದಲ ಆಗುವುದಿಲ್ವಾ ಅಂತ ಕೇಳುತ್ತಾರೆ. ಮಾತಿನಲ್ಲಿ ಆಗುವುದಿಲ್ಲ. ಕನ್ನಡದಲ್ಲಿ ‘ಮಧು ಬಂದ’, ‘ಮಧು ಬಂದಳು’ ಅನ್ನುತ್ತೇವೆ. ಹೆಸರು ಹೇಳದ್ದನ್ನು ಕ್ರಿಯಾಪದ ಹೇಳಿಬಿಡುತ್ತದೆ. ಪುಟ್ಟ ಮಗುವಿಗಂತೂ ಅದೂ ಬೇಡ. ‘ಮಗು ಅತ್ತಿತು’, ‘ಮಗು ನಕ್ಕಿತು’ ಅಷ್ಟೇ. ನಮ್ಮ ಮನೆಮಾತಿನಲ್ಲಿ ಅಕ್ಕನಿಗೂ ‘ಬಂತು’ ಎಂದೇ ಹೇಳುವುದು. ಗೊಂದಲ ಇರುವುದು ಕಾಗದದಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹೆಸರಿನ ಕೊನೆ ನೋಡಿ

ಕನ್ನಡದಲ್ಲಿ ಗಂಡು ಹೆಣ್ಣು ತಿಳಿಯುವುದು ಜಾಸ್ತಿ ಹೆಸರಿನ ಬಾಲದಲ್ಲೇ. ನಮ್ಮ ಕಡೆಯ ಹಳೆಯ ಹೆಸರುಗಳನ್ನೇ ನೋಡಿ. ಸೋಮ, ಸೋಮಿ. ಮಂಗಳ, ಮಂಗಳಿ. ಸುಕ್ರ, ಸುಕ್ರಿ. ವಾರದ ಹೆಸರು ಒಂದೇ, ಬಾಲ ಮಾತ್ರ ಬೇರೆ. ಅಂಕೋಲೆಯ ಬಡಿಗೇರಿಯ ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಈ ಹೆಸರು ಇಡೀ ದೇಶಕ್ಕೆ ಕೇಳಿತು.

ಪಟ್ಟಿ ಮಾಡುವಾಗ ‘ಉ’ಕಾರದಲ್ಲಿ, ‘ಇ’ಕಾರದಲ್ಲಿ ಮುಗಿಯುವ ಗಿಡ್ಡ ಹೆಸರುಗಳಿಂದ ಶುರು ಮಾಡಿ. ಮಧು, ಮಂಜು, ಶಶಿ. ಇವು ಎರಡೂ ಕಡೆ ಬಳಕೆಯಲ್ಲಿ ಪಳಗಿದ ಹೆಸರುಗಳು. ಮನೆಯಲ್ಲಿ ಮುದ್ದಿಗೆ ಕರೆಯುವ ಹೆಸರನ್ನು ಗಮನಿಸಿದ್ದೀರಾ? ಪುಟ್ಟ ಅಂದರೆ ಹುಡುಗ, ಪುಟ್ಟಿ ಅಂದರೆ ಹುಡುಗಿ. ಪುಟ್ಟು ಅಂದರೆ ಯಾರೂ ಆಗಬಹುದು. ಚಿನ್ನು, ಮುದ್ದು, ಸೋನು ಕೂಡ ಹಾಗೇ. ಆ ‘ಉ’ಕಾರ ಯಾರ ಪಕ್ಷವನ್ನೂ ಹಿಡಿಯುವುದಿಲ್ಲ.

ಆಮೇಲೆ ಅರ್ಧಾಕ್ಷರದಲ್ಲಿ ನಿಲ್ಲುವ ಹೆಸರುಗಳು: ಕಿರಣ್, ಸುಮನ್. ಮೊದಲ ಮಹಿಳಾ ಐಪಿಎಸ್ ಅಧಿಕಾರಿ ಕಿರಣ್ ಬೇಡಿ. ಭಾರತ ತಂಡದ ವಿಕೆಟ್ ಕೀಪರ್ ಆಗಿದ್ದವರು ಕಿರಣ್ ಮೋರೆ. ಒಂದೇ ಹೆಸರು, ಒಂದಕ್ಷರ ವ್ಯತ್ಯಾಸ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ಚೇತನ್-ಚೇತನಾ, ಚಿನ್ಮಯ-ಚಿನ್ಮಯಿ, ಮಯೂರ-ಮಯೂರಿ ಇವೆಲ್ಲ ಜೋಡಿ ಹೆಸರುಗಳು. ಅಣ್ಣ ತಂಗಿ ಇದ್ದ ಹಾಗೆ. ಇಬ್ಬರಿಗೂ ಒಪ್ಪುವ ಒಂದೇ ಹೆಸರು ಅಲ್ಲ. ಬನವಾಸಿಯ ಮೇಲಿನ ಪ್ರೀತಿಗೆ ಮಯೂರ ಅಂತ ಇಡುವವರು ನಮ್ಮಲ್ಲಿ ಇದ್ದಾರೆ, ಚಂದದ ಹೆಸರೇ. ಆದರೆ ಹೆಣ್ಣು ಹುಟ್ಟಿದರೆ ಅದನ್ನು ಮಯೂರಿ ಮಾಡಲೇಬೇಕಾಗುತ್ತದೆ.

ಅಚ್ಚಗನ್ನಡದ ಹೆಸರುಗಳು ನನಗೆ ತುಂಬಾ ಇಷ್ಟ. ಬೆಳಕು, ಮುಗಿಲು, ಚಿಗುರು, ಸಿರಿ. ಅರ್ಥದಲ್ಲಿ ಗಂಡು ಹೆಣ್ಣಿನ ಸುಳಿವೇ ಇಲ್ಲ. ಹಾಗಂತ ಎಲ್ಲವೂ ಕರೆಯಲು ಒದಗುವುದಿಲ್ಲ. ಅದು ಗೊತ್ತಾಗುವುದು ಮುಂದಿನ ಪರೀಕ್ಷೆಯಲ್ಲಿ.

ಅಣ್ಣ, ಅಕ್ಕ ಅಂಟಿಸಿ ಕೂಗಿ

ಯಾವ ಪುಸ್ತಕದಲ್ಲೂ ಇದನ್ನು ಓದಿಲ್ಲ, ಆದರೆ ನಾನು ಅತಿ ಹೆಚ್ಚು ನಂಬುವ ಪರೀಕ್ಷೆ ಇದೇ. ನಮ್ಮ ಊರುಗಳಲ್ಲಿ ಯಾರನ್ನೂ ಬರೀ ಹೆಸರಿಂದ ಕರೆಯುವ ರೂಢಿ ಇಲ್ಲ. ಹೆಸರಿನ ಹಿಂದೆ ಅಣ್ಣನೋ ಅಕ್ಕನೋ ಭಾವನೋ ಚಿಕ್ಕಿಯೋ ಬಂದೇ ಬರುತ್ತದೆ. ನಿಮ್ಮ ಮಗುವಿನ ಹೆಸರನ್ನು ಮುಂದಿನ ಅರವತ್ತು ವರ್ಷ ಜನ ಬಳಸುವುದು ಹೀಗೆಯೇ. ಆದ್ದರಿಂದ ಹೆಸರು ಎರಡನ್ನೂ ತಾಳಬೇಕು.

ಅಂಗಳಕ್ಕೆ ಹೋಗಿ ತೋಟದ ಕಡೆ ಮುಖ ಮಾಡಿ ಗಟ್ಟಿಯಾಗಿ ಕೂಗಿ ನೋಡಿ. ಕಿರಣಣ್ಣಾ. ಕಿರಣಕ್ಕಾ. ಎರಡೂ ಸಲೀಸು. ಶಶಿಯಣ್ಣಾ, ಶಶಿಯಕ್ಕಾ. ಇದೂ ಸಲೀಸು. ಈಗ ಸಾಗರಣ್ಣಾ, ಸಾಗರಕ್ಕಾ ಅನ್ನಿ. ಎರಡನೆಯದಕ್ಕೆ ನಾಲಿಗೆ ತಡೆಯುತ್ತದೆ. ಇಂಚರಕ್ಕ ಆಗುತ್ತದೆ, ಇಂಚರಣ್ಣ ಆಗುವುದಿಲ್ಲ. ಅರ್ಥದಲ್ಲಿ ಇಂಚರ ಯಾರಿಗೂ ಸಲ್ಲಬೇಕು, ಬಳಕೆ ಅದನ್ನು ಹುಡುಗಿಯರ ಬದಿಗೆ ಸರಿಸಿದೆ. ನದಿಗಳ ಹೆಸರೂ ಹೀಗೇ ಹೋಗಿವೆ. ಶರಾವತಿ, ಅಘನಾಶಿನಿ ಎಂದ ಕೂಡಲೇ ಹುಡುಗಿ ಎಂದುಕೊಳ್ಳುತ್ತೇವೆ. ಬೆಳಕು ಎಂಬ ಹೆಸರಿಗೆ ಅಣ್ಣನೂ ಸರಿಯಾಗಿ ಕೂರಲಿಲ್ಲ, ಅಕ್ಕನೂ ಕೂರಲಿಲ್ಲ. ಇಷ್ಟದ ಹೆಸರಾದರೂ ನಮ್ಮ ಪಟ್ಟಿಯಿಂದ ಅದನ್ನು ಹೊಡೆದುಹಾಕಿದೆವು.

ಅಲ್ಲಿಗೇ ನಿಲ್ಲಿಸಬೇಡಿ. ಮಾಸ್ತರು, ಅಕ್ಕೋರು ಅಂಟಿಸಿ. ಅಜ್ಜ, ಅಜ್ಜಿ ಅಂಟಿಸಿ. ಚಿಗುರು ಎನ್ನುವ ಹೆಸರು ತೊಟ್ಟಿಲಲ್ಲಿ ಮುದ್ದು. ಎಪ್ಪತ್ತರ ವಯಸ್ಸಿಗೆ ಅದು ಹೇಗೆ ಕೇಳುತ್ತದೆ ಎಂದು ಮನೆಯವರೇ ಕೂತು ತೀರ್ಮಾನಿಸಬೇಕು. ಕೆಲವರಿಗೆ ಅದು ಆಗಲೂ ಚಂದವೇ. ಮದುವೆ ಕರೆಯೋಲೆಯನ್ನೂ ಮನಸ್ಸಿನಲ್ಲೇ ಅಚ್ಚು ಹಾಕಿ ನೋಡಿ. ‘ಚಿ. ಶಶಿ’ ಅಂದರೆ ವರ, ‘ಚಿ.ಸೌ. ಶಶಿ’ ಅಂದರೆ ವಧು. ಹೆಸರು ಬದಲಾಗಬೇಕಿಲ್ಲ.

ಮೂರೂ ಸೇರಿಸಿ ಓದಿ

ಉತ್ತರ ಕನ್ನಡದಲ್ಲಿ ಪೂರ್ತಿ ಹೆಸರು ಅಂದರೆ ಮೂರು ತುಂಡು. ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. 1862ರಿಂದ 1956ರವರೆಗೆ ನಮ್ಮ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಆ ಕಡೆಯ ರೂಢಿ ಇದು. ದಕ್ಷಿಣದವರ ಹಾಗೆ ಹೆಸರಿನ ಮುಂದೆ ಒಂದೆರಡು ಅಕ್ಷರ ಹಾಕಿ ಮುಗಿಸುವವರು ಇಲ್ಲಿ ಕಡಿಮೆ.

ಇಬ್ಬರಿಗೂ ಒಪ್ಪುವ ಹೆಸರಿಗೆ ಇದರಿಂದ ಒಂದು ತೊಡಕು ಇದೆ. ‘ಶಶಿ ಗಣಪತಿ ಹೆಗಡೆ’ ಅಂತ ಬರೆದರೆ ಓದುವವರ ಕಣ್ಣು ನಡುವಿನ ಗಣಪತಿಯ ಮೇಲೆ ನಿಲ್ಲುತ್ತದೆ. ಹೆಗಡೆ, ಭಟ್ಟ, ನಾಯ್ಕ, ಗೌಡ, ಶಾನಭಾಗ, ಕಾಮತ್ ಯಾವುದೂ ಗಂಡು ಹೆಣ್ಣು ಹೇಳುವುದಿಲ್ಲ. ನಮ್ಮ ಅಕ್ಕನ ಮಗಳ ಹೆಸರು ಅರ್ಧಾಕ್ಷರದಲ್ಲಿ ಮುಗಿಯುತ್ತದೆ. ಶಾಲೆಗೆ ಸೇರಿಸಿದಾಗ ದಾಖಲೆಯಲ್ಲಿ ಅವಳು ‘ಗಂಡು’ ಆಗಿದ್ದಳು. ಗೊತ್ತಾಗಿದ್ದು ನಾಲ್ಕು ವರ್ಷದ ಮೇಲೆ. ಆಗ ಅಕ್ಕ ಭಾವ ಅರ್ಜಿ, ಪ್ರಮಾಣಪತ್ರ ಎಲ್ಲ ಹಿಡಿದುಕೊಂಡು ಆರು ಸಲ ಅಲೆದರು. ಪಂಜಾಬಿನವರು ಇದಕ್ಕೆ ಹೆಸರಿನಲ್ಲೇ ದಾರಿ ಮಾಡಿಕೊಂಡಿದ್ದಾರೆ. ಹರ್ಮನ್‌ಪ್ರೀತ್ ಕೌರ್ 2025ರಲ್ಲಿ ಮಹಿಳಾ ಕ್ರಿಕೆಟ್ ವಿಶ್ವಕಪ್ ಗೆದ್ದ ತಂಡದ ನಾಯಕಿ. ಹರ್ಮನ್‌ಪ್ರೀತ್ ಸಿಂಗ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ತಂದ ಹಾಕಿ ತಂಡದ ನಾಯಕ. ಕೌರ್, ಸಿಂಗ್ ನೋಡಿದರೆ ಸಾಕು. ನಮಗೆ ಆ ಅನುಕೂಲ ಇಲ್ಲ. ಆದ್ದರಿಂದ ಪ್ರತಿ ಫಾರಂನಲ್ಲೂ ಲಿಂಗದ ಕಾಲಂ ಅನ್ನು ನೀವೇ ತುಂಬಿ, ಅಚ್ಚಾಗಿ ಬಂದ ಮೇಲೆ ಮತ್ತೊಮ್ಮೆ ಓದಿ. ಇದನ್ನು ಬೇರೆಯವರಿಗೆ ಬಿಡಬೇಡಿ.

ಪಕ್ಕದ ಮನೆಯವರಿಂದ ಹೇಳಿಸಿ

ಕಾರವಾರದಿಂದ ಭಟ್ಕಳದವರೆಗೆ ಒಂದೇ ಬೀದಿಯಲ್ಲಿ ಕನ್ನಡ, ಕೊಂಕಣಿ, ಮರಾಠಿ, ಉರ್ದು, ನವಾಯತಿ ಕೇಳುತ್ತವೆ. ನಿಮ್ಮ ಕಿವಿಗೆ ಚಂದ ಕೇಳಿದ್ದು ಪಕ್ಕದ ಮನೆಯ ಮಾತಿನಲ್ಲಿ ಬೇರೇನೋ ಆಗಿರಬಹುದು. ಕಾರವಾರದಲ್ಲಿರುವ ನಮ್ಮ ಅತ್ತಿಗೆ ಹೆಸರು ಆರಿಸಿದ ಮೇಲೆ ಒಂದು ಕೆಲಸ ಮಾಡಿದಳು. ಪಕ್ಕದ ಕೊಂಕಣಿ ಮನೆಯ ಅಜ್ಜಿಗೆ, ಮೀನು ತರುವ ಹೆಂಗಸಿಗೆ ಹೇಳಿ, ಅವರ ಬಾಯಲ್ಲೇ ನಾಲ್ಕು ಸಲ ಕೂಗಿಸಿದಳು. ಮಹಾಪ್ರಾಣ ಇದ್ದ ಒಂದು ಹೆಸರು ಅಲ್ಲೇ ಬಿದ್ದುಹೋಯಿತು.

ಇಂಥ ಹೆಸರು ಎಲ್ಲ ಸಮುದಾಯಗಳಲ್ಲೂ ಇವೆ. ನಸೀಮ್, ಶಮೀಮ್, ಖುರ್ಷಿದ್, ಫಿರ್ದೌಸ್ ಇವನ್ನು ಗಂಡಸರಿಗೂ ಹೆಂಗಸರಿಗೂ ಇಡುತ್ತಾರೆ. ಪೋರ್ಚುಗೀಸರ ರೂಢಿಯಲ್ಲಿ ‘ಜೋಸೆ ಮರಿಯಾ’ ಗಂಡಸಿನ ಹೆಸರು. ಮೇರಿ ಮಾತೆಯ ಹೆಸರು ಗಂಡುಮಕ್ಕಳ ಹೆಸರಿನಲ್ಲೂ ಸೇರಿಕೊಂಡಿದೆ.

ಅರ್ಥವನ್ನು ಮಾತ್ರ ಒಳ್ಳೆಯ ನಿಘಂಟಿನಲ್ಲೇ ನೋಡಿ. ಮೊಬೈಲ್‌ನಲ್ಲಿ ಸಿಗುವ ಪಟ್ಟಿಗಳು ಯಾವ ಭಾಷೆಯಲ್ಲೂ ಇಲ್ಲದ ಪದಕ್ಕೂ ‘ದೇವರ ಕೊಡುಗೆ’ ಅಂತ ಅರ್ಥ ಬರೆದುಬಿಡುತ್ತವೆ.

ಹಿರಿಯರು, ಪುರೋಹಿತರು

ಅಜ್ಜಿ ಒಪ್ಪಲಿಲ್ಲ, ಭಟ್ಟರು ಒಪ್ಪಲಿಲ್ಲ ಎಂದು ಎಷ್ಟೋ ಒಳ್ಳೆಯ ಹೆಸರು ಬಿದ್ದುಹೋಗುತ್ತವೆ. ಹಾಗೆ ಬಿಡಬೇಕಿಲ್ಲ. ಶಾಸ್ತ್ರದಲ್ಲೇ ಮಗುವಿಗೆ ನಾಲ್ಕು ಹೆಸರು ಹೇಳಿದೆ. ದೇವತಾನಾಮ, ಮಾಸನಾಮ, ನಾಕ್ಷತ್ರನಾಮ, ವ್ಯಾವಹಾರಿಕನಾಮ. ಮನೆದೇವರ ಹೆಸರು, ನಕ್ಷತ್ರದ ಅಕ್ಷರ ಎಲ್ಲ ಮೊದಲ ಮೂರರಲ್ಲಿ ಬರಲಿ. ಶಾಲೆಗೆ, ಆಫೀಸಿಗೆ ಬೇಕಾಗುವುದು ನಾಲ್ಕನೆಯದು ಮಾತ್ರ. ಹೀಗೆ ಹೇಳಿದರೆ ಹಿರಿಯರು ಸುಮ್ನೆ ಬೇಡ ಅನ್ನುವುದಿಲ್ಲ.

ಅಕ್ಷರ ಎಣಿಸುವ ನಿಯಮವೂ ಇದೆ. ಗೃಹ್ಯಸೂತ್ರಗಳ ಪ್ರಕಾರ ಗಂಡಿಗೆ ಸಮಸಂಖ್ಯೆ, ಹೆಣ್ಣಿಗೆ ಬೆಸಸಂಖ್ಯೆ. ಈಗ ಕಿರಣ್ ಎಣಿಸಿ. ಕಿ, ರಣ್. ಎರಡು. ಕಿರಣ ಎಣಿಸಿ. ಕಿ, ರ, ಣ. ಮೂರು. ಕೊನೆಯ ಅಕ್ಷರವನ್ನು ಅರ್ಧ ಹೇಳಿದರೆ ಗಂಡಿಗೆ ಸರಿ, ಪೂರ್ತಿ ಹೇಳಿದರೆ ಹೆಣ್ಣಿಗೆ ಸರಿ. ನಮ್ಮ ಪುರೋಹಿತರಿಗೆ ಇದನ್ನು ತೋರಿಸಿದಾಗ ಅವರೂ ಬೆರಳು ಮಡಚಿ ಎಣಿಸಿ ತಲೆಯಾಡಿಸಿದರು.

ಕೊನೆಗೆ ನೋಂದಣಿ

ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು. ಆಸ್ಪತ್ರೆಯಲ್ಲಿ ಹುಟ್ಟಿದರೆ ಅಲ್ಲಿಯವರೇ ವರದಿ ಕಳಿಸುತ್ತಾರೆ. ಹೆಸರು ಇನ್ನೂ ಆಗಿಲ್ಲ ಎಂದು ಗಡಿಬಿಡಿ ಬೇಡ. ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ಆಮೇಲೆ 12 ತಿಂಗಳೊಳಗೆ ಶುಲ್ಕ ಇಲ್ಲದೆ ಹೆಸರು ಸೇರಿಸಬಹುದು. ಅದು ದಾಟಿದರೆ ವಿಳಂಬ ಶುಲ್ಕ ಕಟ್ಟಿ 15 ವರ್ಷದವರೆಗೂ ಅವಕಾಶ ಇದೆ. ಅಂದರೆ ಅಣ್ಣ-ಅಕ್ಕ ಪರೀಕ್ಷೆ ಮಾಡಲು, ಮಗುವಿನ ಮುಖ ನೋಡುತ್ತಾ ಕರೆದು ನೋಡಲು ಬೇಕಾದಷ್ಟು ಸಮಯ ಇದೆ. ಸೇರಿಸಿದ ಮೇಲೆ ಬದಲಾಯಿಸುವುದು ಮಾತ್ರ ಕಷ್ಟ.

ಜನನ ಮರಣ ನೋಂದಣಿ ಕಾಯ್ದೆಯ 2023ರ ತಿದ್ದುಪಡಿ ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಅಲ್ಲಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರಲು, ಚಾಲನಾ ಪರವಾನಗಿಗೆ, ಮತದಾರರ ಪಟ್ಟಿಗೆ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಆದ್ದರಿಂದ ಅದರಲ್ಲಿ ಎರಡು ಕಡೆ ಕಣ್ಣಿಡಿ. ಒಂದು, ಲಿಂಗದ ಕಾಲಂ. ಇನ್ನೊಂದು, ಕನ್ನಡ ಮತ್ತು ಇಂಗ್ಲಿಷ್ ಕಾಗುಣಿತ. ಕನ್ನಡದಲ್ಲಿ ನಯನ ಬೇರೆ, ನಯನಾ ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಕೊನೆಗೆ ಅದೇ ಒಂದು ‘ಎ’. ಕಂಪ್ಯೂಟರ್ ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸಿದಾಗ ದೀರ್ಘ ಹೋಗುತ್ತದೆ, ಅರ್ಧಾಕ್ಷರ ಪೂರ್ತಿಯಾಗುತ್ತದೆ. ಐದು ವರ್ಷದೊಳಗಿನ ಮಕ್ಕಳ ನೀಲಿ ಬಣ್ಣದ ಆಧಾರ್ ಮಾಡಿಸುವಾಗಲೂ ಪರದೆಯನ್ನು ನಿಮ್ಮ ಕಡೆ ತಿರುಗಿಸಿಕೊಂಡು ಓದಿ, ಆಮೇಲೆ ಸರಿ ಅನ್ನಿ.

ಹನ್ನೆರಡನೇ ದಿನ ನಮ್ಮ ಮನೆಯಲ್ಲಿ ತೊಟ್ಟಿಲು ಹಾಕಿದರು. ಹರಿವಾಣದಲ್ಲಿ ಅಕ್ಕಿ ಹರವಿ, ಭಾವ ಚಿನ್ನದ ಉಂಗುರದಿಂದ ಹೆಸರು ಬರೆದ. ಒಂದು ವಾರ ಬಿಟ್ಟು ತಂಗಿ ನೋಂದಣಿಗೆ ಹೋದಳು. ಬಾಯಲ್ಲಿ ಹೇಳಲಿಲ್ಲ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದಪ್ಪ ಅಕ್ಷರದಲ್ಲಿ ಬರೆದ ಚೀಟಿಯನ್ನು ಕಿಟಕಿಯೊಳಗೆ ಕೊಟ್ಟಳು. ಅಡಿಕೆ ಲೆಕ್ಕದ ಪುಸ್ತಕದ ಅದೇ ಹಾಳೆಯಿಂದ ಹರಿದ ತುಂಡು ಅದು. ನಡುವಿನ ಗೆರೆ ಹೆಸರಿನ ಕೆಳಗೆ ಇನ್ನೂ ಕಾಣುತ್ತಿತ್ತು.