ಆರನೆಯ ಸಾಲು ಬಿಡದ ಆನೆ

ಕಳೆದ ಭಾನುವಾರ ಚೆಸ್ ಪಂದ್ಯದಲ್ಲಿ ಡ್ರಾ ಮಾಡಿಕೊಂಡು ಸಿಕ್ಕ ಅರ್ಧ ಅಂಕ ನನಗೆ ಎಷ್ಟೋ ಗೆಲುವುಗಳಿಗಿಂತ ಪ್ರಿಯ. ಎದುರಾಳಿ ಹಿರಿಯರು, ರೇಟಿಂಗ್‌ನಲ್ಲಿ ನನಗಿಂತ 150 ಮುಂದಿದ್ದವರು. ತಲಾ 90 ನಿಮಿಷ, ಪ್ರತಿ ನಡೆಗೆ ಹೆಚ್ಚುವರಿ 30 ಸೆಕೆಂಡು. ನನ್ನದು ಕಪ್ಪು, ಕಾರೋ-ಕಾನ್ ಎಂಬ ಆರಂಭ ಆಡಿದೆ. 23ನೇ ನಡೆಯಲ್ಲಿ ಎಡವಿದೆ. ಮಂತ್ರಿಗೆ ಅಡ್ಡ ನಿಂತಿದ್ದ ಕುದುರೆ ಕದಲುವಂತಿಲ್ಲ ಎಂಬುದನ್ನು ಮರೆತು, ಅದು ಕಾಯುತ್ತಿದೆ ಎಂದು ನಂಬಿದ್ದ ಕಾಲಾಳನ್ನು ಕಳೆದುಕೊಂಡೆ.

ಕೊನೆಗೆ ಇಬ್ಬರಿಗೂ ಒಂದೊಂದು ಆನೆ ಉಳಿಯಿತು, ಅವರಿಗೆ ಮಾತ್ರ ಇ5ರಲ್ಲಿ ಒಂದು ಕಾಲಾಳು (ಎಯಿಂದ ಎಚ್‌ವರೆಗಿನ ಅಕ್ಷರ ಕಂಬಸಾಲಿನದು, ಅಂಕಿ ಬಿಳಿಯ ಕಡೆಯಿಂದ ಎಣಿಸಿದ ಅಡ್ಡಸಾಲಿನದು). ಅವರ ರಾಜ ಡಿ5ರಲ್ಲಿ, ನನ್ನ ರಾಜ ಇ8ರಲ್ಲಿ. ಅವರ ಆನೆ ಎಚ್7ರಲ್ಲಿ ನಿಂತು ಏಳನೆಯ ಸಾಲನ್ನೇ ಮುಚ್ಚಿತ್ತು. ನನ್ನ ಗಡಿಯಾರದಲ್ಲಿ 2 ನಿಮಿಷ.

ಎ1ರಲ್ಲಿದ್ದ ಆನೆಯಿಂದ ಡಿ1ಕ್ಕೆ ಹೋಗಿ ಚೆಕ್ ಕೊಡೋಣ ಎನಿಸಿತು. ಕೈ ಆನೆಯ ತಲೆಯವರೆಗೂ ಹೋಗಿತ್ತು. ಹಿಂದಕ್ಕೆ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಚೆಕ್ ಕೊಟ್ಟರೆ ಅವರ ರಾಜ ಇ6ಕ್ಕೆ ಏರಿ ತನ್ನ ಕಾಲಾಳಿನ ಮುಂದೆಯೇ ಅವಿತುಕೊಳ್ಳುತ್ತಾನೆ, ಅವರ ಆನೆ ಎಚ್8ಕ್ಕೆ ಬಂದು ಚೆಕ್‌ಮೇಟ್ ಮಾಡುವ ಬೆದರಿಕೆ ಹುಟ್ಟುತ್ತದೆ. ಆಮೇಲೂ ದಾರಿಯಿದೆ, ಆದರೆ ತೀರಾ ಕಿರಿದು.

ಆನೆಯನ್ನು ಎ6ಕ್ಕೆ ಇಟ್ಟೆ. 18ನೇ ಶತಮಾನದ ಫ್ರೆಂಚ್ ಆಟಗಾರ, ಸಂಗೀತ ಸಂಯೋಜಕ ಫಿಲಿಡೋರ್ ಹೆಸರಿನಲ್ಲಿ ಉಳಿದಿರುವ ರಕ್ಷಣೆ ಇದು. ಆರನೆಯ ಸಾಲು ಆನೆಯ ಕೈಯಲ್ಲಿರುವವರೆಗೆ ಎದುರಾಳಿಯ ರಾಜ ಅಲ್ಲಿಗೆ ಕಾಲಿಡುವಂತಿಲ್ಲ. ಒಂದು ತಿಂಗಳು ರಾತ್ರಿ ಊಟವಾದ ಮೇಲೆ ಮಗಳು ಬಿಳಿ, ನಾನು ಕಪ್ಪು ಹಿಡಿದು ಇದನ್ನೇ ಆಡಿದ್ದೆವು.

ಅವರ ಆನೆ ಜಿ7, ಎಚ್7 ಎಂದು ಓಡಾಡಿತು. ನನ್ನದು ಎ6, ಬಿ6, ಮತ್ತೆ ಎ6. ಹೀಗೆ ಕಾಯುವುದು ದಾಳಿ ಮಾಡುವುದಕ್ಕಿಂತ ಕಷ್ಟ. ಪ್ರತಿ ನಡೆ ಬರೆಯುವಾಗ ಪೆನ್ನು ಬೆವರಿನಲ್ಲಿ ಜಾರುತ್ತಿತ್ತು. ಕೊನೆಗೆ ಅವರು ಕಾಲಾಳನ್ನು ಇ6ಕ್ಕೆ ತಳ್ಳಿದರು.

ಆ ಕ್ಷಣವೇ ಆನೆ ಎ1ಕ್ಕೆ ಇಳಿಯಿತು. ರಾಜ ಅವಿತುಕೊಳ್ಳಬೇಕಾದ ಮನೆಯಲ್ಲಿ ಈಗ ಅವರದೇ ಕಾಲಾಳು! ರಾಜ ಡಿ6ಕ್ಕೆ ಬಂದ, ಡಿ1ರಿಂದ ಚೆಕ್. ಇ5ಕ್ಕೆ ಸರಿದ, ಇ1ರಿಂದ ಚೆಕ್. ಎಫ್6ಕ್ಕೆ ಹೋದಾಗ ಎಫ್1ರಿಂದ.

ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಡ್ರಾ ಮಾಡಿಕೊಳ್ಳೋಣವೇ?" ಎಂದು ಕೈ ಚಾಚಿದರು.

ಹೊರಗೆ ಬಂದು ಮಗಳಿಗೆ ಫೋನ್ ಮಾಡಿದೆ. ಫಲಿತಾಂಶ ಹೇಳುವ ಮೊದಲೇ ಅವಳು ಕೇಳಿದಳು: "ಅಪ್ಪಾ, ಕಾಲಾಳು ತಳ್ಳುವವರೆಗೂ ಕಾದೆಯಾ?"