ಇಕ್ತಿಯೊಸಾರ್ ಮೂಳೆ ಬಿಡಿಸಿದ್ದು ಆಸಿಡ್ ಬಕೆಟ್‌ನಲ್ಲಿ: ನನ್ನ ಅನುಭವ

ಇಕ್ತಿಯೊಸಾರ್ ಅಂದರೆ ಡೈನೋಸಾರ್‌ಗಳ ಕಾಲದ ಕಡಲ ಸರೀಸೃಪ. ಇಂಗ್ಲೆಂಡಿನ ಚಾರ್ಮತ್ ಕಡಲತೀರದ ಸುಣ್ಣಕಲ್ಲಿನ ಉಂಡೆಯಿಂದ ಅದರ ಮೂಳೆ ಬಿಡಿಸಲು ಏರ್ ಪೆನ್ನೇ (ಗಾಳಿಯ ಒತ್ತಡದಿಂದ ಕಲ್ಲು ಕೆತ್ತುವ ಪುಟ್ಟ ಉಪಕರಣ) ಬೇಕು ಅಂತ, ಜೊತೆಗೆ ಪಳೆಯುಳಿಕೆ ಹುಡುಕುತ್ತಾ ತೀರ ಸುತ್ತುವವರೆಲ್ಲ ಹೇಳಿದ್ದರು. ಆಸಿಡ್‌ಗೆ ಹಾಕಿದರೆ ಮೂಳೆ ಹಿಟ್ಟಾಗುತ್ತದೆ ಅಂತ ಹೆದರಿಸಿದ್ದರು. ಈಗ 9 ಬೆನ್ನುಮೂಳೆ ಮಣಿಗಳು, ಪಕ್ಕೆಲುಬುಗಳ ಸಮೇತ, ನನ್ನ ಮೇಜಿನ ಮೇಲಿವೆ. ಒಂದಕ್ಕೂ ಪೆನ್ ತಾಗಿಸಿಲ್ಲ.

ಕಲ್ಲು ಸಿಕ್ಕಿದ್ದು ಜನವರಿಯ ಬಿರುಗಾಳಿಯ ಮರುದಿನ, ಬ್ಲ್ಯಾಕ್ ವೆನ್ ಅನ್ನೋ ಕಡಲಂಚಿನ ಗುಡ್ಡದ ಕುಸಿತದ ಕೆಳಗೆ. ಪಳೆಯುಳಿಕೆ ಹುಡುಕಿ ಹೆಸರಾದ ಮೇರಿ ಆ್ಯನಿಂಗ್ 200 ವರ್ಷಗಳ ಹಿಂದೆ ಹುಡುಕಾಡಿದ ತೀರ ಅದು. ನೀರು ಇಳಿಯುತ್ತಿತ್ತು. ಉಂಡೆಯ ಒಂದು ಮಗ್ಗುಲಲ್ಲಿ ಕೇರಂ ಸ್ಟ್ರೈಕರ್ ಗಾತ್ರದ ಎರಡು ಕಪ್ಪು ಬಿಲ್ಲೆಗಳು, ನಡುವೆ ಗುಳಿ. ಬೆನ್ನುಮೂಳೆಯ ಮಣಿಗಳು ಅಂತ ನೋಡಿದ ಕೂಡಲೇ ಗೊತ್ತಾಯಿತು. ಹತ್ತಿರ ಹತ್ತಿರ 12 ಕೆಜಿ ಇತ್ತು. ಬೆನ್ನಿಗೆ ಹೊತ್ತು ತಂದು, ಅಲ್ಲಿನ ಹೆರಿಟೇಜ್ ಕೋಸ್ಟ್ ಸೆಂಟರ್ ಅನ್ನೋ ಪಳೆಯುಳಿಕೆ ಕೇಂದ್ರದಲ್ಲಿ ತೋರಿಸಿಯೇ ಮನೆಗೆ ಒಯ್ದೆ.

ಇದಕ್ಕೂ ಮೊದಲು ಎರಡು ಚೂರು ಹಾಳು ಮಾಡಿದ್ದೆ. ಮೊದಲನೆಯದು ಆಸಿಡ್‌ನಿಂದ ಚೆನ್ನಾಗಿಯೇ ಹೊರಬಂತು. ಒಂದು ದಿನ ತೊಳೆದು ಒಣಗಿಸಿದೆ. ಮೂರನೇ ವಾರಕ್ಕೆ ಮೂಳೆಯ ಬಿರುಕುಗಳಿಂದ ಬಿಳಿ ಸೂಜಿಗಳು ಎದ್ದವು. ಸುಣ್ಣಕಲ್ಲು ಆಸಿಡ್‌ನಲ್ಲಿ ಕರಗಿದಾಗ ಆಗುವ ಉಪ್ಪು, ಕ್ಯಾಲ್ಸಿಯಂ ಅಸಿಟೇಟ್, ಒಳಗೇ ಉಳಿದು ಹರಳುಗಟ್ಟಿ ಮಣಿಯನ್ನು ಸೀಳಿ ಹಾಕಿತ್ತು. ಬೆರಳಲ್ಲಿ ಮುಟ್ಟಿದರೆ ಒಣ ರೊಟ್ಟಿಯ ಹಾಗೆ ಪುಡಿಯಾಯಿತು. ಎರಡನೆಯದರಲ್ಲಿ ಪೈರೈಟ್ (ಚಿನ್ನದ ಹಾಗೆ ಹೊಳೆಯುವ ಕಬ್ಬಿಣ-ಗಂಧಕದ ಖನಿಜ) ಜಾಸ್ತಿ ಇತ್ತು. ಹಳದಿ ಪುಡಿ, ಗಂಧಕದ ವಾಸನೆ, ಅಷ್ಟೇ. ಚಿನ್ನದ ಹೊಳಪು ಹೆಚ್ಚು ಕಂಡರೆ ಆ ಕಲ್ಲನ್ನು ನಾನೀಗ ಆಸಿಡ್‌ಗೆ ಇಳಿಸುವುದೇ ಇಲ್ಲ.

ಮೊದಲ ಚೂರಿನ ವಿಷಯದಲ್ಲಿ ತಪ್ಪು ಆಸಿಡ್‌ದಲ್ಲ, ತೊಳೆಯುವುದರಲ್ಲಿತ್ತು. ಈ ಸಲ 5 ಪರ್ಸೆಂಟ್ ಅಸಿಟಿಕ್ ಆಸಿಡ್ (ವಿನೆಗರ್‌ನಲ್ಲಿರುವುದೇ), ಮೂಳೆ ಕರಗದ ಹಾಗೆ ಕಾಯಲು ಲೀಟರ್‌ಗೆ 1 ಗ್ರಾಂ ಕ್ಯಾಲ್ಸಿಯಂ ಫಾಸ್ಫೇಟ್. ಆಸಿಡ್‌ನಲ್ಲಿ ಒಂದು ದಿನ, ನೀರಿನಲ್ಲಿ ಮೂರು ದಿನ, ಆಮೇಲೆ ಒಣಗಿಸಿ ಹೊಸದಾಗಿ ಕಂಡ ಮೂಳೆಗೆಲ್ಲ ಪ್ಯಾರಲಾಯ್ಡ್ ಬಿ-72 ಅನ್ನೋ ರಕ್ಷಕ ಅಂಟಿನ ಲೇಪ. ಒಂದೊಂದು ಸುತ್ತಿನಲ್ಲಿ ಕಲ್ಲು ಒಂದು ಮಿಲಿಮೀಟರ್ ಬಿಟ್ಟುಕೊಟ್ಟರೆ ಪುಣ್ಯ. ಹೀಗೆ 45 ಸುತ್ತು, ಏಳೂವರೆ ತಿಂಗಳು. ಮೂಳೆ ಮತ್ತು ಕಲ್ಲು ಸೇರುವ ಅಂಚಿನಲ್ಲಿ ಲೇಪ ಎಷ್ಟು ತೆಳುವಿರಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋದರಲ್ಲೇ ಇದರ ಕೀಲಿ ಇದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಡುವೆ ನಿಂಬೆಉಪ್ಪನ್ನೂ ಒಂದು ಬೇಡದ ಚೂರಿನ ಮೇಲೆ ಹಾಕಿ ನೋಡಿದೆ. ಅಡುಗೆಮನೆಯಲ್ಲೇ ಇರುತ್ತೆ, ಅಗ್ಗ ಅಲ್ವಾ? ಆದರೆ ಕರಗದ ಬಿಳಿ ಪದರ ಕಟ್ಟಿಕೊಂಡು ಬ್ರಷ್‌ಗೂ ಬಗ್ಗಲಿಲ್ಲ. ಆ ದಾರಿ ಬಿಟ್ಟುಬಿಡಿ.

ಲೆಕ್ಕ ಹೇಳುತ್ತೇನೆ. 80 ಪರ್ಸೆಂಟ್ ಆಸಿಡ್‌ನ 5 ಲೀಟರ್ ಕ್ಯಾನ್ ಮೂರು, ಸುಮಾರು 85 ಪೌಂಡ್. ಪ್ಯಾರಲಾಯ್ಡ್, ಅಸಿಟೋನ್, ಮಾಸ್ಕ್, ಬಕೆಟ್ ಎಲ್ಲ ಸೇರಿ ಇನ್ನೊಂದು 60. ಒಳ್ಳೆಯ ಪೆನ್ನು, ಕಂಪ್ರೆಸರ್ ಅಂತ ಹೋಗಿದ್ದರೆ 700 ದಾಟುತ್ತಿತ್ತು. ಮೊದಲ ವಾರ ಬಕೆಟ್ ಗ್ಯಾರೇಜ್‌ನಲ್ಲಿತ್ತು. "ರೀ, ಮನೆಯೆಲ್ಲ ಹುಳಿ ವಾಸನೆ, ತಲೆನೋವು ಬರ್ತಿದೆ" ಅಂದಳು ಹೆಂಡತಿ. ಅವಳು ಹೇಳಿದ್ದು ಸರಿ, ಆ ಹೊಗೆ ಒಳ್ಳೆಯದಲ್ಲ. ಅಂದೇ ಹಿತ್ತಲ ಶೆಡ್‌ಗೆ ಸಾಗಿಸಿದೆ.

ಮೂವತ್ತನೇ ಸುತ್ತಿನ ಹೊತ್ತಿಗೆ ಪಕ್ಕೆಲುಬುಗಳ ನಡುವೆ ಕಪ್ಪು ಮಚ್ಚೆ ಕಂಡಿತು. ಕೊಳೆ ಅಂದುಕೊಂಡು ಉಜ್ಜಲು ಹೋದವನು ಭೂತಗನ್ನಡಿ ಹಿಡಿದು ಹಾಗೇ ನಿಂತೆ. ನೂರಾರು ಕೊಕ್ಕೆಗಳು, ಒಂದೊಂದೂ ಸಾಸಿವೆ ಕಾಳಿಗಿಂತ ದೊಡ್ಡದಲ್ಲ. ಸ್ಕ್ವಿಡ್ ಜಾತಿಯ ಪ್ರಾಣಿಗಳ ತೋಳಿನ ಕೊಕ್ಕೆಗಳು, ಅಂದರೆ ಇದರ ಕೊನೆಯ ಊಟ! ಆಸಿಡ್ ಅವುಗಳನ್ನು ಮುಟ್ಟುವುದಿಲ್ಲ. ಪೆನ್ ಹಿಡಿದಿದ್ದರೆ ಕಲ್ಲಿನ ಧೂಳಿನ ಜೊತೆಗೇ ಹಾರಿಹೋಗುತ್ತಿದ್ದವು. ಅಲ್ಲಿಂದಾಚೆ ಆ ಭಾಗಕ್ಕೆ ಬ್ರಷ್ ತಾಗಿಸದೆ, ನೀರನ್ನು ಹನಿ ಹನಿಯಾಗಿ ಬಿಟ್ಟೇ ತೊಳೆದೆ.

ಮೊನ್ನೆ ಏರ್ ಪೆನ್ ಬಳಸುವ ಗೆಳೆಯನೊಬ್ಬ ಬಂದು ಅರ್ಧ ಗಂಟೆ ಆ ಕೊಕ್ಕೆಗಳನ್ನೇ ನೋಡುತ್ತಾ ಕೂತಿದ್ದ. ಹೋಗುವಾಗ, ತನ್ನ ಹತ್ತಿರ ಇರುವ ಒಂದು ಈಜುಗಾಲಿನ ಉಂಡೆಯನ್ನು ತಂದುಕೊಡಲಾ ಅಂತ ಕೇಳಿದ. ಅದು ಈಗ ಶೆಡ್‌ನಲ್ಲಿದೆ, ನಾಲ್ಕನೇ ಸುತ್ತು ನಡೆಯುತ್ತಿದೆ.