ಅಪ್‌ಡೇಟ್ ಆದ ದಿನವೇ ಬ್ಯಾಟರಿಯನ್ನು ಬೈಯಬೇಡಿ

ಹೊಸ ಆಂಡ್ರಾಯ್ಡ್ ಬಂದ ಕೂಡಲೇ "ಬ್ಯಾಟರಿ ಹಾಳಾಯ್ತು" ಎನ್ನುವ ಗೋಳು ಶುರುವಾಗುತ್ತದೆ. ಸ್ವಲ್ಪ ತಡೆಯಿರಿ. ದೊಡ್ಡ ಅಪ್‌ಡೇಟ್ ಆದ ಮೇಲೆ ಫೋನ್ ಒಳಗೊಳಗೇ ಆ್ಯಪ್‌ಗಳನ್ನು ಹೊಸದಾಗಿ ಹೊಂದಿಸಿಕೊಳ್ಳುತ್ತಿರುತ್ತದೆ. ಬಿಸಿಯಾಗುವುದೂ ಅದಕ್ಕೇ. ರಾತ್ರಿ ಚಾರ್ಜಿಗೆ ಹಾಕಿ, ವೈಫೈ ಆನ್ ಇಟ್ಟು ಸುಮ್ನೆ ಬಿಡಿ. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಸರಿಹೋಗುತ್ತದೆ. ಆಮೇಲೂ ಚಾರ್ಜ್ ಸರ‍್ರನೆ ಇಳಿಯುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಬಳಕೆ ನೋಡಿ. ಒಂದೇ ಆ್ಯಪ್ ಜಾಸ್ತಿ ತಿನ್ನುತ್ತಿದ್ದರೆ ಅದನ್ನು ಅಪ್‌ಡೇಟ್ ಮಾಡಿ, ಇಲ್ಲವೇ ತೆಗೆದು ಮತ್ತೆ ಹಾಕಿ.

'ಬ್ಯಾಟರಿ ಸೇವರ್' ಆ್ಯಪ್ ಮಾತ್ರ ಬೇಡ. ಅದೂ ಹಿನ್ನೆಲೆಯಲ್ಲಿ ಓಡುತ್ತಾ ಚಾರ್ಜ್ ತಿನ್ನುತ್ತಲೇ ಇರುತ್ತದೆ, ಅಲ್ವಾ?

ಅಂದ ಹಾಗೆ, ಹೊಸ ಆವೃತ್ತಿ ಬಂದರೆ ನಾನೂ ಒಂದು ವಾರ ಕಾದೇ ಹಾಕಿಕೊಳ್ಳುತ್ತೇನೆ. ಆದರೆ ಸೆಕ್ಯುರಿಟಿ ಪ್ಯಾಚ್ (ಸುರಕ್ಷತೆಯ ಲೋಪ ಸರಿಪಡಿಸುವ ಅಪ್‌ಡೇಟ್) ಬಂದರೆ ಅವತ್ತೇ ಹಾಕಿಕೊಳ್ಳುತ್ತೇನೆ.